ಶಾಲೆಯ ಮೀಟಿಂಗ್ ಮುಗಿದ ದಿನವೇ ಐದಾರು ಸಾಲು ಬರೆದುಬಿಡಿ

ವಿಶೇಷ ಅಗತ್ಯವಿರುವ ಮಗುವಿನ ಬಗ್ಗೆ ಶಾಲೆಯವರ ಜೊತೆ ಮಾತಾಡಿ ಬಂದ ದಿನವೇ, ಅಲ್ಲಿ ಒಪ್ಪಿಕೊಂಡದ್ದನ್ನು ಐದಾರು ಸಾಲಿನಲ್ಲಿ ಬರೆದು ಅವರಿಗೇ ಇಮೇಲ್ ಮಾಡಿ. ಕೊನೆಗೆ ಇಷ್ಟು ಸೇರಿಸಿ: ‘ನನಗೆ ಅರ್ಥವಾದದ್ದು ಹೀಗೆ. ತಪ್ಪಿದ್ದರೆ ಶುಕ್ರವಾರದೊಳಗೆ ತಿಳಿಸಿ.’ ಬಾಯಿಮಾತು ಟೀಚರ್ ಬದಲಾದ ಕೂಡಲೇ ಮರೆತುಹೋಗುತ್ತದೆ. ತಾರೀಕು ಇರುವ ಪತ್ರ ಇದ್ದರೆ ಹೊಸಬರು ಅಲ್ಲಿಂದಲೇ ಮುಂದುವರಿಸಬಹುದು, ನೀವು ಮತ್ತೆ ಮೊದಲಿಂದ ಹೇಳಬೇಕಿಲ್ಲ. ಆದರೆ ‘ಸ್ಪೀಚ್ ಥೆರಪಿ ಕೊಡ್ತೀವಿ ಅಂದರು’ ಎಂದು ಸುಮ್ನೆ ಬರೆದರೆ ಸಾಲದು. ವಾರಕ್ಕೆ 2 ಸಲವೋ 1 ಸಲವೋ, ಎಷ್ಟು ನಿಮಿಷ, ಮಗುವಿಗೆ ಒಂಟಿಯಾಗಿಯೋ ಗುಂಪಿನಲ್ಲೋ, ಯಾರು ಕೊಡುತ್ತಾರೆ, ಯಾವತ್ತಿನಿಂದ, ಎಲ್ಲವೂ ಬೇಕು. ಬರೆಯಲು ಕೂತಾಗಲೇ ಗೊತ್ತಾಗುತ್ತದೆ, ಯಾವುದನ್ನು ಕೇಳುವುದು ಬಿಟ್ಟುಹೋಯಿತು ಅಂತ. ಅದನ್ನೂ ಅದೇ ಪತ್ರದಲ್ಲಿ ಕೇಳಿಬಿಡಿ. ಇಮೇಲ್ ಇಲ್ಲದವರು ಕಾಗದದ ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ತಲುಪಿದ ತಾರೀಕು, ಸಹಿ ಹಾಕಿಸಿಕೊಳ್ಳಿ. ಧಾಟಿ ಮೆತ್ತಗಿರಲಿ. ದೂರಿನ ಥರ ಬರೆದರೆ ಉತ್ತರವೇ ಬರದಿರಬಹುದು. ಇದು ಕೆಲಸ ಮಾಡದ ಸಂದರ್ಭಗಳೂ ಇವೆ. ಮಗುವಿಗೆ ಯಾವ ನೆರವು ಬೇಕೆಂದು ಪರೀಕ್ಷಿಸುವ ಮೌಲ್ಯಮಾಪನಕ್ಕೆ ನಿಗದಿತ ಅರ್ಜಿಯೇ ಬೇಕು ಎನ್ನುವ ಕಡೆ ಈ ಪತ್ರ ಅದರ ಬದಲಿಗೆ ನಡೆಯುವುದಿಲ್ಲ. ನೇರವಾಗಿ ‘ಆಗಲ್ಲ’ ಅಂದಿದ್ದರೆ, ಕಾರಣವನ್ನು ಬರಹದಲ್ಲಿ ಕೊಡಿ ಎಂದು ಕೇಳಿ. ಮೇಲ್ಮನವಿಗೆ ಅದೇ ಜಾಸ್ತಿ ಉಪಯೋಗ. ಇನ್ನೊಂದು, ಮಗುವಿಗೆ ಏನೇನು ನೆರವು ಕೊಡುತ್ತೇವೆ ಎಂದು ಶಾಲೆಯವರು ಆಮೇಲೆ ಬರೆದುಕೊಡುವ ಅಧಿಕೃತ ಯೋಜನೆಯಲ್ಲಿ ಬೇರೆ ಏನಾದರೂ ಇದ್ದು ನೀವು ಸಹಿ ಹಾಕಿದರೆ, ನಿಮ್ಮ ಪತ್ರಕ್ಕೆ ಬಲ ಉಳಿಯುವುದು ಕಷ್ಟ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಓದಿ, ಆಮೇಲೆ ಪೆನ್ ಎತ್ತಿಕೊಳ್ಳಿ.