ಸ್ಕೋಪಸ್ ಇಲ್ಲದೆ ನಮ್ಮ ಪತ್ರಿಕೆ ಹೊರದೇಶ ಮುಟ್ಟಿದ್ದು ಹೀಗೆ

"ಸ್ಕೋಪಸ್‌ಗೆ ಸೇರದಿದ್ದರೆ ಹೊರದೇಶದಲ್ಲಿ ಯಾರೂ ಓದಲ್ಲ, ಸುಮ್ನೆ ದುಡ್ಡು ಹಾಳು" ಅಂತ ನಮ್ಮ ವಿಭಾಗದವರೇ ಹೇಳುತ್ತಿದ್ದರು. ಸ್ಕೋಪಸ್ ಅಂದರೆ ಸಂಶೋಧನಾ ಪತ್ರಿಕೆಗಳ ಒಂದು ಜಾಗತಿಕ ಸೂಚಿ. ನಮ್ಮದು ಕಲಬುರಗಿ ಕಡೆಯ ಸಮಾಜ ವಿಜ್ಞಾನದ ಅರ್ಧವಾರ್ಷಿಕ ಪತ್ರಿಕೆ. ಅರ್ಧಕ್ಕಿಂತ ಜಾಸ್ತಿ ಲೇಖನ ಕನ್ನಡದವು. ಈಗ ಡೌನ್‌ಲೋಡ್‌ಗಳಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಭಾರತದ ಹೊರಗಿನವು. ಜರ್ಮನಿಯ ಪಿಎಚ್‌ಡಿ ವಿದ್ಯಾರ್ಥಿನಿಯೊಬ್ಬಳು ವಲಸೆ ಕುರಿತ ಕನ್ನಡ ಲೇಖನದ ಕೋಷ್ಟಕ ಕೇಳಿ ಮೇಲ್ ಬರೆದಳು. ಅದರ ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ ಹಚ್ಚಿದೆ.

ಐಎಸ್‌ಎಸ್‌ಎನ್ ಎಂಬ ಪತ್ರಿಕೆಯ ಗುರುತು ಸಂಖ್ಯೆ, ಪತ್ರಿಕೆಯನ್ನು ಆನ್‌ಲೈನಿಗೆ ಏರಿಸುವ ತಂತ್ರಾಂಶ ಓಜೆಎಸ್ ಎಲ್ಲ ನಿಮಗೆ ಗೊತ್ತಿರುವುದೇ. ನಮ್ಮನ್ನು ಸತಾಯಿಸಿದ್ದು ನುಡಿ ಫಾಂಟು. ಹಳೇ ಪಿಡಿಎಫ್ ತೆರೆದರೆ ಚೆಂದದ ಕನ್ನಡ. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿದರೆ ಬರೀ ಇಂಗ್ಲಿಷ್ ಅಕ್ಷರ, ನಡುನಡುವೆ ಪೌಂಡ್ ಚಿಹ್ನೆ. ಸಂಶೋಧನಾ ಲೇಖನ ಹುಡುಕಿಕೊಡುವ ಗೂಗಲ್ ಸ್ಕಾಲರ್‌ಗೆ ಸಿಗುವುದೂ ಅದೇ. ಹಳೇ ಫಾಂಟಿನ ಅಕ್ಷರವನ್ನು ಎಲ್ಲ ಕಂಪ್ಯೂಟರ್ ಓದುವ ಯುನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದೆವು. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿತು. ಇಂಗ್ಲಿಷಿನಲ್ಲಿದ್ದ ಗ್ರಂಥಸೂಚಿಯನ್ನೂ ಅದು ಕನ್ನಡ ಅಂದುಕೊಂಡು ಕಲಸಿಬಿಟ್ಟಿತು. ಆಮೇಲೆ ಒಂದು ಡಿಟಿಪಿ ಅಂಗಡಿಗೆ ಸುಮಾರು 40 ಸಾವಿರ ಕೊಟ್ಟು ಮತ್ತೆ ಟೈಪ್ ಮಾಡಿಸಿದೆವು. ಅಂಕಿಪಟ್ಟಿಗಳೇ ತಪ್ಪು. ಆ ದುಡ್ಡು ಹೋದಂತೆಯೇ.

ಕೊನೆಗೆ ಕೈಹಿಡಿದದ್ದು ಟೆಸರಾಕ್ಟ್, ಅಂದರೆ ಚಿತ್ರದಲ್ಲಿನ ಅಕ್ಷರ ಓದುವ ತಂತ್ರಾಂಶ. 300 ಡಿಪಿಐ ಸ್ಕ್ಯಾನ್, ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಒಟ್ಟಿಗೆ ಓದಿಸುವುದು, ಆಮೇಲೆ ಕೂತು ತಿದ್ದುವುದು. ಕೋಷ್ಟಕಗಳನ್ನು ಅದರ ಕೈಲಿ ಹೇಗೆ ಓದಿಸಿದೆವು ಅನ್ನುವುದು ಸದ್ಯಕ್ಕೆ ನಮ್ಮಲ್ಲೇ ಇರಲಿ. ಇಡೀ ಸಂಚಿಕೆಯನ್ನು ಒಂದೇ ಫೈಲಾಗಿ ಏರಿಸಬೇಡಿ. ಲೇಖನಕ್ಕೊಂದು ಫೈಲು, 5 ಎಂಬಿ ಒಳಗೆ. ಅದಕ್ಕಿಂತ ದೊಡ್ಡದನ್ನು ಸ್ಕಾಲರ್ ಸೇರಿಸಿಕೊಳ್ಳುವುದಿಲ್ಲ.

ನಡುವೆ ಊರ ಹೆಸರಿನ ಮೇಲೊಂದು ಪ್ರಯೋಗ ಮಾಡಿದೆ. ಗುಲ್ಬರ್ಗ 2014ರಲ್ಲಿ ಕಲಬುರಗಿಯಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಹೊರಗಿನವರು ಇನ್ನೂ ಹಳೇ ಹೆಸರಲ್ಲೇ ಹುಡುಕುತ್ತಾರೆ. ಕೀವರ್ಡ್‌ಗಳಲ್ಲಿ ಎರಡೂ ಹಾಕಿದ ಲೇಖನಗಳಿಗೆ ಕೆಲವೇ ತಿಂಗಳಲ್ಲಿ ಸರಿಸುಮಾರು ದುಪ್ಪಟ್ಟು ಓದುಗರು ಬಂದರು. ಸಾರಾಂಶದ ಕತೆಯೂ ಇದೇ. "ನಂಜುಂಡಪ್ಪ ವರದಿ" ಅಂದರೆ ನಮಗೆ ಸಾಕು. 2002ರ ಆ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಅಂತ ಗುರುತಿಸಿತ್ತು ಎಂದು ಹೊರಗಿನವರಿಗೆ ಒಂದು ಸಾಲು ಬರೆಯಲೇಬೇಕು. ಇಂಗ್ಲಿಷ್ ಸಾರಾಂಶ ಇಲ್ಲದ ಕನ್ನಡ ಲೇಖನವನ್ನು ನಾನು ಅಚ್ಚಿಗೆ ಬಿಡುವುದಿಲ್ಲ. ಇದಕ್ಕೆ ಜಗಳಗಳಾಗಿವೆ. ಆಗಲಿ.

ಇನ್ನು ಖರ್ಚು. ಲೇಖನಕ್ಕೆ ಡಿಒಐ ಎಂಬ ಕಾಯಂ ಗುರುತು ಸಂಖ್ಯೆ ಕೊಡಿಸುವುದು ಕ್ರಾಸ್‌ರೆಫ್ ಸಂಸ್ಥೆ. ನಾವು ಸೇರಿದಾಗ ಕ್ರಾಸ್‌ರೆಫ್ ಸದಸ್ಯತ್ವ ವರ್ಷಕ್ಕೆ 275 ಡಾಲರ್, ಅಂದರೆ 22–23 ಸಾವಿರ. ಹೊಸ ಲೇಖನದ ಡಿಒಐಗೆ 1 ಡಾಲರ್, ಹಳೆಯದಕ್ಕೆ 15 ಸೆಂಟ್. ಕಾಲೇಜಿನ ಖಾತೆಯಿಂದ ಡಾಲರ್ ಕಟ್ಟಲು ಬರಲಿಲ್ಲ. ನನ್ನ ಕಾರ್ಡಿನಿಂದಲೇ ಕಟ್ಟಿದೆ. ಆ ಬಿಲ್ ಪಾಸಾಗಲು ವರ್ಷವೇ ಹಿಡಿಯಿತು. ಇಷ್ಟು ಕೈಲಾಗದವರು ಝೆನೋಡೊ ಎಂಬ ಆನ್‌ಲೈನ್ ಸಂಗ್ರಹಕ್ಕೆ ಹಾಕಿ, ಅಲ್ಲಿ ಡಿಒಐ ಪುಕ್ಕಟೆ. ಎಲ್ಲರೂ ಪುಕ್ಕಟೆ ಓದಬಹುದಾದ ಪತ್ರಿಕೆಗಳ ಪಟ್ಟಿ ಡಿಒಎಜೆ, ಅದರ ಅರ್ಜಿಗೂ ಶುಲ್ಕವಿಲ್ಲ. ಯುಜಿಸಿ ಒಪ್ಪಿದ ಪತ್ರಿಕೆಗಳ ಕೇರ್ ಪಟ್ಟಿಯಂತೂ 2025ರಲ್ಲಿ ನಿಂತೇ ಹೋಯಿತು, ಅದನ್ನೇ ನೆಚ್ಚಿ ಕೂತಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಹೇಳಿ.

1990ರ ದಶಕದ ಸಂಚಿಕೆಗಳು ಇನ್ನೂ ಬಾಕಿ ಇವೆ. ತಿದ್ದಲು ಎಂಎ ಓದುವ ಇಬ್ಬರನ್ನು ಹಾಕಿಕೊಂಡಿದ್ದೇವೆ, ಪುಟಕ್ಕೆ 10 ರೂಪಾಯಿ. ಕೋಷ್ಟಕ ಇದ್ದ ಪುಟಕ್ಕೆ 25.