ಶಾಸಕರಾಗಿದ್ದವರು ಸಂಸದರಾದರೆ ಅವರ ಕೆಲಸ ಅಳೆಯೋದು ಹೇಗೆ? ಕೊಡಗಿನ ಮತದಾರರಿಗೊಂದು ದಾರಿ

ಸಂಸದರು ಊರಿಗೆ ಬಂದರೆ ನಾವು ಕೇಳೋದು ಏನು? ಪಂಚಾಯ್ತಿ ರಸ್ತೆ, ಟ್ರಾನ್ಸ್‌ಫಾರ್ಮರ್, ಆನೆ ತುಳಿದ ತೋಟದ ಪರಿಹಾರ. ಇದರಲ್ಲಿ ಹೆಚ್ಚಿನದು ರಾಜ್ಯ ಸರ್ಕಾರದ್ದು, ಇಲ್ಲಾ ಪಂಚಾಯ್ತಿಯದ್ದು. ಮೊದಲು ಶಾಸಕರಾಗಿದ್ದು ಆಮೇಲೆ ದೆಹಲಿಗೆ ಹೋದವರಾದರೆ ಗೊಂದಲ ಇನ್ನೂ ಜಾಸ್ತಿ. ಅವರನ್ನು ನಾವು ಹಳೇ ಲೆಕ್ಕದಲ್ಲೇ ನೋಡುತ್ತೇವೆ, ಅವರೂ ಭೂಮಿಪೂಜೆಯ ಫೋಟೋ ತೋರಿಸಿ ಐದು ವರ್ಷ ಕಳೆಯುತ್ತಾರೆ, ದೆಹಲಿಯಲ್ಲಿ ನಮಗಾಗಿ ಏನು ಕೇಳಿದರು ಅನ್ನೋದು ಯಾರಿಗೂ ಗೊತ್ತಾಗೋದಿಲ್ಲ. ಇದನ್ನು ನಾವೇ ಕೂತು ನೋಡಬಹುದು. ಮೊಬೈಲ್ ಒಂದಿದ್ದರೆ ಸಾಕು.

ಮೊದಲು ಒಂದು ಹಾಳೆಯಲ್ಲಿ ಅವರ ವರ್ಷಗಳನ್ನು ಬರೆದುಕೊಳ್ಳಿ. ಯಾವ ಕ್ಷೇತ್ರ, ಯಾವ ಪಕ್ಷ, ಗೆದ್ದಿದ್ದಾ ಸೋತಿದ್ದಾ, ಮಧ್ಯದಲ್ಲಿ ರಾಜೀನಾಮೆ ಕೊಟ್ಟಿದ್ದಾರಾ. ಕೊಡಗಿನವರು ಇಲ್ಲಿ ಒಂದು ವಿಷಯ ಮರೆಯಬಾರದು. 2008ರ ಕ್ಷೇತ್ರ ಮರುವಿಂಗಡಣೆಗೆ ಮುಂಚೆ ನಮಗೆ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಅಂತ ಮೂರು ವಿಧಾನಸಭಾ ಕ್ಷೇತ್ರ ಇತ್ತು, ಲೋಕಸಭೆಗೆ ನಾವು ಮಂಗಳೂರಿಗೆ ಸೇರಿದ್ದೆವು. ಈಗ ಇರೋದು ಎರಡೇ, ಮಡಿಕೇರಿ ಮತ್ತು ವಿರಾಜಪೇಟೆ, ಎರಡೂ ಮೈಸೂರು ಲೋಕಸಭಾ ಕ್ಷೇತ್ರದಲ್ಲಿವೆ. ಹಾಗಾಗಿ ಹಳೇ ದಾಖಲೆ ಹುಡುಕುವಾಗ ಮೈಸೂರು ಅಂತ ಮಾತ್ರ ಹುಡುಕಿದರೆ ಅರ್ಧ ಕಥೆ ಸಿಗೋದೇ ಇಲ್ಲ. ಡಿ.ವಿ. ಸದಾನಂದ ಗೌಡರು 1994 ಮತ್ತು 1999ರಲ್ಲಿ ಪುತ್ತೂರಿನ ಶಾಸಕರು, 2004ರಲ್ಲಿ ಮಂಗಳೂರಿನಿಂದ ಗೆದ್ದಾಗ ಅವರು ಕೊಡಗಿನ ಸಂಸದರೂ ಹೌದು. ಅಡಗೂರು ಎಚ್. ವಿಶ್ವನಾಥ್ ಕೆ.ಆರ್. ನಗರದ ಶಾಸಕರಾಗಿ, ರಾಜ್ಯದಲ್ಲಿ ಮಂತ್ರಿಯಾಗಿ, 2009ರಲ್ಲಿ ಮೈಸೂರಿನಿಂದ ಲೋಕಸಭೆಗೆ ಹೋದರು, 2014ರಲ್ಲಿ ಸೋತರು, 2018ರಲ್ಲಿ ಹುಣಸೂರಿನಿಂದ ಮತ್ತೆ ವಿಧಾನಸಭೆಗೆ ಬಂದರು. ದೆಹಲಿಗೆ ಹೋದವರು ಅಲ್ಲೇ ಉಳಿಯುತ್ತಾರೆ ಅಂತ ಏನಿಲ್ಲ, ಅಲ್ವಾ?

ನಮ್ಮ ಜಿಲ್ಲೆಯಲ್ಲೇ ಈ ದಾರಿಯಲ್ಲಿ ಬಹಳ ದೂರ ಹೋದವರು ಸಿ.ಎಂ. ಪೂಣಚ್ಚ. 1952ರಿಂದ 1956ರವರೆಗೆ ಕೊಡಗು ಒಂದು ರಾಜ್ಯವಾಗಿಯೇ ಇತ್ತು, 24 ಸ್ಥಾನಗಳ ಸ್ವಂತ ವಿಧಾನಸಭೆಯೂ ಇತ್ತು, ಅದರ ಮುಖ್ಯಮಂತ್ರಿ ಅವರು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅಲ್ಲಿ ಮಂತ್ರಿಯಾದರು. ಆಮೇಲೆ ರಾಜ್ಯಸಭೆ, 1967ರಲ್ಲಿ ಕೇಂದ್ರದ ರೈಲ್ವೆ ಮಂತ್ರಿ. ಇವತ್ತಿಗೂ ರೈಲು ಹಳಿ ಇಲ್ಲದ ಜಿಲ್ಲೆಯವರು ದೇಶದ ರೈಲ್ವೆ ನೋಡಿಕೊಂಡರು. ಇಂಥ ಒಂದು ಜೀವನವನ್ನು ವರ್ಷದ ಪ್ರಕಾರ ಬರೆದು ನೋಡಿದರೆ ಒಬ್ಬ ಜನಪ್ರತಿನಿಧಿಯ ಕೆಲಸ ಎಷ್ಟು ಸಲ ಬದಲಾಗುತ್ತದೆ ಅಂತ ತಿಳಿಯುತ್ತದೆ.

ಶಾಸಕರಾಗಿದ್ದಾಗಲೇ ಲೋಕಸಭೆಗೆ ಗೆದ್ದಿದ್ದರೆ ರಾಜೀನಾಮೆ ದಿನಾಂಕ ನೋಡಿ. ಎರಡೂ ಕಡೆ ಇರುವಂತಿಲ್ಲ. ಫಲಿತಾಂಶ ಗೆಜೆಟ್‌ನಲ್ಲಿ ಬಂದ 14 ದಿನದೊಳಗೆ ಶಾಸಕ ಸ್ಥಾನ ಬಿಡಬೇಕು, ಬಿಡದಿದ್ದರೆ ಸಂಸತ್ತಿನ ಸ್ಥಾನವೇ ಹೋಗುತ್ತದೆ. 2024ರಲ್ಲಿ ಎಚ್.ಡಿ. ಕುಮಾರಸ್ವಾಮಿ, ಬಸವರಾಜ ಬೊಮ್ಮಾಯಿ, ಇ. ತುಕಾರಾಂ ಹೀಗೆ ಬಿಟ್ಟಿದ್ದರಿಂದಲೇ ಚನ್ನಪಟ್ಟಣ, ಶಿಗ್ಗಾಂವಿ, ಸಂಡೂರಿನಲ್ಲಿ ನವೆಂಬರ್‌ನಲ್ಲಿ ಉಪಚುನಾವಣೆ ಆಯಿತು.

ಈಗ ಮುಖ್ಯವಾದ ಕೆಲಸ, ಪ್ರಶ್ನೆಗಳನ್ನು ಓದೋದು. ಲೋಕಸಭೆಯ ವೆಬ್‌ಸೈಟ್‌ನಲ್ಲಿ ಸದಸ್ಯರ ಹೆಸರು ಹಾಕಿದರೆ ಅವರು ಕೇಳಿದ ಪ್ರಶ್ನೆ, ಮಂತ್ರಿ ಕೊಟ್ಟ ಉತ್ತರ ಎರಡೂ ಬರುತ್ತವೆ. ಎಷ್ಟು ಪ್ರಶ್ನೆ ಅಂತ ಎಣಿಸೋದರಲ್ಲಿ ಹೆಚ್ಚೇನೂ ಅರ್ಥ ಇಲ್ಲ. ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರ ಕೊಡಬೇಕಾದ ಪ್ರಶ್ನೆ, ಸಿಗೋದೇ ಚೀಟಿ ಎತ್ತಿದ ಹಾಗೆ ಅದೃಷ್ಟದಿಂದ, ಮಂತ್ರಿಯಾದವರಂತೂ ಪ್ರಶ್ನೆ ಕೇಳೋದೇ ಇಲ್ಲ. ಏನು ಕೇಳಿದರು ಅನ್ನೋದನ್ನು ನೋಡಿ. ಕಾಫಿ ಬೋರ್ಡ್ ಕೇಂದ್ರದ ವಾಣಿಜ್ಯ ಸಚಿವಾಲಯದ ಕೆಳಗೆ ಬರುತ್ತದೆ. ಕರಿಮೆಣಸಿನ ಆಮದೂ ಕೇಂದ್ರದ ಕೈಯಲ್ಲೇ ಇರೋದು, 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿದ್ದು ಕೇಂದ್ರ ಸರ್ಕಾರ. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಅಧಿಸೂಚನೆ, ಕೊಡವ ಭಾಷೆಯನ್ನು ಸಂವಿಧಾನದ 8ನೇ ಅನುಸೂಚಿಯ ಭಾಷೆಗಳ ಪಟ್ಟಿಗೆ ಸೇರಿಸುವ ಬೇಡಿಕೆ, ಕುಶಾಲನಗರಕ್ಕೆ ರೈಲು, ಇವೆಲ್ಲ ದೆಹಲಿಯಲ್ಲೇ ತೀರ್ಮಾನ ಆಗಬೇಕಾದ ವಿಷಯ. ಇವುಗಳ ಬಗ್ಗೆ ಐದು ವರ್ಷದಲ್ಲಿ ಒಂದು ಸಾಲೂ ಇಲ್ಲದಿದ್ದರೆ ಅದನ್ನು ಹಾಳೆಯಲ್ಲಿ ದಪ್ಪಗೆ ಬರೆದುಕೊಳ್ಳಿ.

ಆನೆ ವಿಷಯ ಸ್ವಲ್ಪ ಬೇರೆ, ಎರಡೂ ಸರ್ಕಾರದ ಕೈ ಅದರಲ್ಲಿದೆ. ಪರಿಹಾರದ ಅರ್ಜಿ, ಓಡಿಸುವ ಸಿಬ್ಬಂದಿ ರಾಜ್ಯದ ಅರಣ್ಯ ಇಲಾಖೆಯದ್ದು. ಪ್ರಾಜೆಕ್ಟ್ ಎಲಿಫೆಂಟ್ 1992ರಲ್ಲಿ ಶುರುವಾದ ಕೇಂದ್ರದ ಯೋಜನೆ. ಹಾಗಾಗಿ ಒಬ್ಬ ವ್ಯಕ್ತಿ ಶಾಸಕರಾಗಿದ್ದಾಗ ಪರಿಹಾರ ಯಾಕೆ ತಡ ಅಂತ ಕೇಳಿ, ಸಂಸದರಾದ ಮೇಲೆ ಅದೇ ಎಳೆ ಹಿಡಿದು ಬೇಲಿಗೆ ಕೇಂದ್ರದಿಂದ ಎಷ್ಟು ಹಣ ಬಂತು ಅಂತ ಕೇಳಿದ್ದಾರಾ ಅಂತ ವಿಧಾನಸಭೆಯ ನಡಾವಳಿಯನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿ. ಹಾಗೆ ಕೇಳಿದ್ದರೆ ಅವರು ಕೆಲಸ ಕಲಿತವರು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಉತ್ತರವನ್ನೂ ಕೊನೆಯವರೆಗೆ ಓದಿ. "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು" ಅಂತಿದ್ದರೆ ಅದು ಸರ್ಕಾರ ಕೊಟ್ಟ ಭರವಸೆ. ಅದನ್ನು ಮೂರು ತಿಂಗಳಲ್ಲಿ ಪೂರೈಸಬೇಕು, ಇದನ್ನು ನೋಡಿಕೊಳ್ಳಲು ಸದನದ ಸಮಿತಿಯೇ ಇದೆ. ನಮ್ಮ ಸಂಸದರು ಮತ್ತೆ ಅದರ ಬೆನ್ನು ಹತ್ತಿದರಾ, ಸುಮ್ನೆ ಬಿಟ್ಟರಾ?

ದುಡ್ಡಿನ ಲೆಕ್ಕಕ್ಕೆ ಬರೋಣ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ, ಮೈಸೂರು ಕ್ಷೇತ್ರದಲ್ಲಿ 8 ವಿಧಾನಸಭಾ ಕ್ಷೇತ್ರ, ಸಮನಾಗಿ ಹಂಚಿದರೆ ಒಂದೊಂದಕ್ಕೆ 62.5 ಲಕ್ಷ. ಶಾಸಕರಿಗೆ ಅವರ ಒಂದೇ ಕ್ಷೇತ್ರಕ್ಕೆ 2 ಕೋಟಿ. ಅಂದರೆ ಶಾಸಕರಾಗಿದ್ದಾಗ ಕಟ್ಟಿಸಿದಷ್ಟು ಸಮುದಾಯ ಭವನ ಸಂಸದರಾದ ಮೇಲೆ ಕಟ್ಟಿಸಲಿಲ್ಲ ಅಂತ ಬಯ್ಯೋದು ನ್ಯಾಯ ಅಲ್ಲ. ಆದರೆ ಎರಡು ಕ್ಷೇತ್ರದ ಕೊಡಗಿಗೆ ಬರಬೇಕಾದ ಪಾಲು ಬಂತಾ ಅಂತ ಕೇಳೋದು ನ್ಯಾಯವೇ.

ಚುನಾವಣಾ ಅಫಿಡವಿಟ್‌ಗಳು ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಸಿಗುತ್ತವೆ. ಶಾಸಕ ಸ್ಥಾನಕ್ಕೆ ಹಾಕಿದ್ದು, ಲೋಕಸಭೆಗೆ ಹಾಕಿದ್ದು, ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಕೇಸುಗಳು, ಸಾಲ, ಆಸ್ತಿ ಎಲ್ಲಾ ಇರುತ್ತದೆ. ತೋಟದವರಾದರೆ ಆದಾಯದ ಕಾಲಂ ಮಾತ್ರ ನೋಡಿ ತೀರ್ಮಾನಕ್ಕೆ ಬರಬೇಡಿ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲದಿರೋದರಿಂದ ಅಲ್ಲಿ ಕಾಣುವ ಮೊತ್ತ ಚಿಕ್ಕದಿರಬಹುದು. ಕೃಷಿ ಜಮೀನಿನ ಕಾಲಂಗೆ ಹೋಗಿ, ಸರ್ವೆ ನಂಬರ್, ಎಕರೆ, ಪಿತ್ರಾರ್ಜಿತವೋ ಕೊಂಡಿದ್ದೋ, ಕೊಂಡಿದ್ದಾದರೆ ಯಾವಾಗ, ಇಷ್ಟನ್ನು ಹೋಲಿಸಿ.

ಕೊನೆಯದಾಗಿ ದಿಶಾ ಸಮಿತಿ. ಕೇಂದ್ರದ ಯೋಜನೆಗಳು ಜಿಲ್ಲೆಯಲ್ಲಿ ಹೇಗೆ ನಡೆಯುತ್ತಿವೆ ಅಂತ ಅಧಿಕಾರಿಗಳನ್ನು ಕೂರಿಸಿ ಕೇಳುವ ಸಭೆ ಇದು, ಅಧ್ಯಕ್ಷತೆ ಸಂಸದರದ್ದು, ಮೂರು ತಿಂಗಳಿಗೊಮ್ಮೆ ಆಗಬೇಕು. ಸಂಬಂಧಪಟ್ಟ ಜಿಲ್ಲಾ ಕಚೇರಿಗೆ 10 ರೂಪಾಯಿ ಶುಲ್ಕದ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ, ಕೊಡಗು ಜಿಲ್ಲೆಗಾಗಿ ಎಷ್ಟು ಸಭೆ ಆಯಿತು, ಸಂಸದರು ಎಷ್ಟಕ್ಕೆ ಬಂದರು, ನಡಾವಳಿಯ ಪ್ರತಿ ಕೊಡಿ ಅಂತ ಕೇಳಿ. ಉತ್ತರ ಕೊಡಲು ಅವರಿಗೆ 30 ದಿನ ಸಮಯ ಇದೆ. ಅರ್ಜಿಯ ಒಂದು ಪ್ರತಿಗೆ ಸೀಲ್ ಹಾಕಿಸಿಕೊಂಡೇ ಕಚೇರಿಯಿಂದ ಹೊರಗೆ ಬನ್ನಿ.