ಓಡಿದ ಮಾತಿಗೆ ಬೀಟ್ ಕಟ್ಟುವುದು ಹೇಗೆ? ಕಲಬುರಗಿ ರ‍್ಯಾಪರ್‌ಗಳಿಗೊಂದು ಬ್ಯಾಸಗಿ ಪಾಠ

ರೀಲ್ಸ್‌ನಲ್ಲಿ ಓಡಿ ಎಲ್ಲರ ಬಾಯಲ್ಲೂ ಕುಣಿದ ಮಾತು ತಿಂಗಳೊಪ್ಪತ್ತಿನಲ್ಲಿ ಹಳಸಿಬಿಡುತ್ತದೆ. ಕಲಬುರಗಿಯ ಬ್ಯಾಸಗಿ ಹಾಗಲ್ಲ. ಮಾರ್ಚ್‌ನಲ್ಲಿ ಹಿಡಿದರೆ ಜೂನ್ ಮಳೆಯವರೆಗೂ ಬಿಡದು. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದರೂ ಇಲ್ಲಿ ಯಾರೂ ಬೆರಗಾಗುವುದಿಲ್ಲ. ಹೀಗಾಗಿ ಬ್ಯಾಸಗಿಯ ರ‍್ಯಾಪ್ ಹಾಡು ಕಟ್ಟುವಾಗ ಓಡಿದ ಮಾತನ್ನು ಹುಕ್‌ಗೆ (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಸಾಲಿಗೆ) ಮಾತ್ರ ಇಟ್ಟುಕೊಳ್ಳಿ, ಉಳಿದ ಸಾಲುಗಳನ್ನು ಬಿಸಿಲಿಗೆ ಬಿಡಿ.

ಮಾತು ತಾಳಕ್ಕೆ ಕೂಡುತ್ತದೆಯೇ?

ಎಷ್ಟು ಜನ ನೋಡಿದರು ಅನ್ನುವುದಕ್ಕಿಂತ ಮಾತು ನಾಲ್ಕು ಏಟಿನಲ್ಲಿ ಕೂಡುತ್ತದೆಯೇ ಅನ್ನುವುದು ಮುಖ್ಯ. ‘ನೆಳ್ಳಿಗಿ ಬಾರೋ ತಮ್ಮಾ’ ಎಂಬ ಮಾತು ಓಡಿದೆ ಅಂದುಕೊಳ್ಳಿ. ನೆಳ್ಳಿಗಿ, ಬಾರೋ, ತಮ್ಮಾ: ಮೂರಕ್ಕೂ ನಾಲ್ಕು ನಾಲ್ಕು ಮಾತ್ರೆ. ಮೂರು ಏಟಿಗೆ ಮೂರು ಪದ ಕೂತವು, ನಾಲ್ಕನೆಯ ಏಟು ಖಾಲಿ. ಆ ಖಾಲಿ ಜಾಗ ತುಂಬಬೇಡಿ. ಕೇಳುವವನು ‘ಹೌ!’ ಅನ್ನುವುದು ಅಲ್ಲೇ. ಶಾಲೆಯಲ್ಲಿ ಲಘು-ಗುರು ಹಾಕುವಾಗ ಬೈದುಕೊಂಡವರಿಗೆ ಆ ಪಾಠ ಕೊನೆಗೂ ಉಪಯೋಗಕ್ಕೆ ಬರುವುದು ಇಲ್ಲಿ.

ಮಾತು ಯಾರದ್ದು?

ಚಿಕ್ಕ ನುಡಿಗಟ್ಟಿಗೆ ಸಾಮಾನ್ಯವಾಗಿ ಕೃತಿಸ್ವಾಮ್ಯ ಇರುವುದಿಲ್ಲ. ಆದರೆ ವಿಡಿಯೊದಿಂದ ಆ ಮಾತು ಆಡಿದವರ ದನಿಯನ್ನೇ ಕತ್ತರಿಸಿ ಹಾಡಿಗೆ ಅಂಟಿಸಿದರೆ ಕಥೆ ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆ ಧ್ವನಿಮುದ್ರಣಕ್ಕೂ ಅನ್ವಯಿಸುತ್ತದೆ. ಹಾಗೆ ನೋಡಿದರೆ ಕಾಯ್ದೆಗಿಂತ ಮೊದಲು ಮನುಷ್ಯತ್ವ. ಇಂಥ ಮಾತು ಆಡಿದವರು ಬಹುತೇಕ ಸಂತೆಯಲ್ಲಿ ಕೂತ ಯಾರೋ ಕಾಕಾ, ಯಾರೋ ಚಿಗವ್ವ. ಹೋಗಿ ಕೇಳಿ, ಕಾಗದದ ಮೇಲೆ ಒಪ್ಪಿಗೆ ಬರೆಸಿಕೊಳ್ಳಿ, ಗಳಿಕೆಯಲ್ಲಿ ಪಾಲು ಮಾತಾಡಿ. ಅವರು ‘ಬ್ಯಾಡಪಾ’ ಅಂದರೆ ಬೇರೆ ಮಾತು ಹುಡುಕಿ.

ಬೀಟ್

ನಿಮಿಷಕ್ಕೆ 90 ಏಟಿನ ವೇಗ ಇಟ್ಟುಕೊಂಡರೆ ಕನ್ನಡದ ದ್ವಿತ್ವಾಕ್ಷರಗಳಿಗೆ ಉಸಿರಾಡಲು ಜಾಗ ಸಿಗುತ್ತದೆ. ನಾಲ್ಕು ಏಟಿಗೆ ಒಂದು ಬಾರ್. ಲೆಕ್ಕ ಸುಲಭ: 4 ಬಾರ್ ಶುರುವಾತು, ಆಮೇಲೆ 8 ಬಾರ್ ಹುಕ್, 16 ಬಾರ್ ಪದ್ಯ, ಮತ್ತೆ ಹುಕ್, ಮತ್ತೊಂದು ಪದ್ಯ, ಕೊನೆಗೆ ಹುಕ್. ಒಟ್ಟು 60 ಬಾರ್, 2 ನಿಮಿಷ 40 ಸೆಕೆಂಡ್. ಯೂಟ್ಯೂಬ್‌ನಲ್ಲಿ ‘ಫ್ರೀ’ ಎಂದು ಸಿಗುವ ಬೀಟ್‌ಗಳು ಬಹಳ ಸಲ ದುಡ್ಡು ಮಾಡದ ಹಾಡಿಗಷ್ಟೇ ಫ್ರೀ, ಷರತ್ತು ಪೂರ್ತಿ ಓದಿ. ಅದಕ್ಕಿಂತ ಓಣಿಯ ಹಲಗಿ ಬಾರಿಸುವವರನ್ನು ಕರೆದು ನಾಲ್ಕು ಪೆಟ್ಟು ಮುದ್ರಿಸಿಕೊಂಡು ಅದನ್ನೇ ಸ್ನೇರ್ ಡ್ರಮ್ಮಿನ ಜಾಗದಲ್ಲಿ ಕೂಡಿಸುವುದು ಮೇಲು. ಚರ್ಮದ ಹಲಗಿಯನ್ನು ಬಿಗಿ ಮಾಡಲು ಬೆಂಕಿಗೆ ಹಿಡಿಯುತ್ತಾರಲ್ಲ, ಮೇ ತಿಂಗಳಲ್ಲಿ ಮಾಳಗಿಯ ಮೇಲೆ ಇಟ್ಟರೂ ಸಾಕು.

ಪದ್ಯ

ಹೆಚ್ಚು ಜನ ಎಡವುವುದು ಇಲ್ಲೇ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹೀಗಾಗಿ ‘ಬಂದದ, ಹೋಗ್ಯದ, ತಿಂದದ’ ಎಂದು ಅಂತ್ಯಪ್ರಾಸ ಪುಕ್ಕಟೆಯಾಗಿ ಸಿಗುತ್ತದೆ, ಪುಕ್ಕಟೆ ಸಿಕ್ಕದ್ದು ಎರಡನೇ ಸಾಲಿಗೇ ಬೇಸರ ತರಿಸುತ್ತದೆ. ನಮ್ಮ ಹಳೆಯ ಕವಿಗಳು ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ ಇಡುತ್ತಿದ್ದರು. ಅದನ್ನು ಬಳಸಿ: ‘ಹಳ್ಳದ ನೀರೂ ಬತ್ಯಾದ, ಕಳ್ಳಿಯ ಬೇಲಿ ಒಣಗ್ಯಾದ.’ ಹಳ್ಳ, ಕಳ್ಳಿ, ನೆಳ್ಳು: ಹುಕ್‌ನ ‘ಳ್ಳ’ ಪದ್ಯದೊಳಗೂ ಬಡಿಯುತ್ತಾ ಇರುತ್ತದೆ.

ಭಾಷೆ ತಿದ್ದಬೇಡಿ. ‘ಹೋಗಲಾಕತ್ತೀನಿ’ ಎಂಬುದನ್ನು ‘ಹೋಗುತ್ತಿದ್ದೇನೆ’ ಮಾಡಿದರೆ ಹಾಡು ಸರ್ಕಾರಿ ಸುತ್ತೋಲೆಯಂತಾಗುತ್ತದೆ. ದಖನಿ ಉರ್ದು ಮಾತಾಡುವ ಗೆಳೆಯನಿಗೆ ಎರಡನೇ ಪದ್ಯದ ಅರ್ಧ ಕೊಡಿ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಒಂದು ಸುತ್ತು ಹೊಡೆದರೆ ‘ಬ್ಯಾಡ’ ಮತ್ತು ‘ನಕ್ಕೋ’ ಎರಡೂ ಕಿವಿಗೆ ಬೀಳುತ್ತವಲ್ಲ. ಬಿಸಿಲೆಂದರೆ ಬರೀ ಬೆವರು ಎಂದು ಬರೆಯಬೇಡಿ. ಶಹಾಬಾದ್ ಕಲ್ಲಿನ ನೆಲಕ್ಕೆ ನೀರು ಚೆಲ್ಲಿ ಮಲಗುವುದು, ಮಧ್ಯಾಹ್ನ ಕದ ಎಳೆದುಕೊಂಡ ಅಂಗಡಿ, ಅಂಥವು ಬೇಕು.

ರೆಕಾರ್ಡಿಂಗ್

ಸ್ಟುಡಿಯೊ ಇಲ್ಲದಿದ್ದರೂ ನಡೆಯುತ್ತದೆ. ಮೊಬೈಲ್‌ನಲ್ಲಿ ಬ್ಯಾಂಡ್‌ಲ್ಯಾಬ್‌ನಂಥ ಉಚಿತ ಆ್ಯಪ್, ಒಂದು ಸಾದಾ ಮೈಕ್ ಸಾಕು; ಹಿಂದೆ ಮತ್ತು ಪಕ್ಕದಲ್ಲಿ ದಪ್ಪ ಕೌದಿ ಇಳಿಬಿಡಿ. ಅಜ್ಜಿ ಹೊಲಿದ ಕೌದಿ ಗೋಡೆಯ ಮಾರ್ದನಿಯನ್ನು ಚೆನ್ನಾಗಿ ಹೀರುತ್ತದೆ. ಫ್ಯಾನ್, ಕೂಲರ್ ಎರಡೂ ಬಂದ್ ಆಗಬೇಕು, ಅದಕ್ಕೇ ನಸುಕಿನ ಐದರ ಹೊತ್ತಿಗೆ ಕೂರುವುದು ವಾಸಿ. ದನಿಯ ಮಟ್ಟ ಮೈನಸ್ 6 ಡೆಸಿಬಲ್ ಮೀರದಂತೆ ನೋಡಿ. ಒಡೆದ ದನಿಯನ್ನು ಆಮೇಲೆ ಸರಿಪಡಿಸುವುದು ಕಷ್ಟ.

ಬಿಡುಗಡೆ

ಸ್ಪಾಟಿಫೈನಂಥ ಕಡೆ ಹಾಡು ಹೋಗುವುದು ಸಂಗೀತ ವಿತರಣಾ ಕಂಪನಿಗಳ ಮೂಲಕ. ಚೌಕಾಕಾರದ ಮುಖಚಿತ್ರ (3000 ಪಿಕ್ಸೆಲ್ ಇದ್ದರೆ ಒಳ್ಳೆಯದು) ತಯಾರಿಟ್ಟುಕೊಂಡು ಎರಡು-ಮೂರು ವಾರ ಮೊದಲೇ ಕಳಿಸಿ. ಹುಕ್‌ನ 15 ಸೆಕೆಂಡಿನ ತುಣುಕನ್ನು ಮಾತ್ರ ಕಾಯಿಸದೆ ರೀಲ್ಸ್‌ಗೆ ಬಿಡಿ, ಮಾತು ಬಿಸಿ ಇರುವಾಗಲೇ. ವಿಡಿಯೊಗೆ ಕೋಟೆ ಬೇಕೆನಿಸಿದರೆ ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ ಎಂಬುದು ನೆನಪಿರಲಿ, ಚಿತ್ರೀಕರಣಕ್ಕೆ ಮೊದಲೇ ಅನುಮತಿ ಪಡೆಯಬೇಕು. ಎಲ್ಲೇ ಶೂಟ್ ಮಾಡಿದರೂ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಆಮೇಲೆ ಮೊಬೈಲ್ ಕಾದು ಕ್ಯಾಮೆರಾ ತಾನಾಗಿಯೇ ಬಂದ್ ಆಗಿಬಿಡಬಹುದು.